ಕೈಗೆಟುಕದ ದೂರದ ರಿಪೇರಿ

ವಾಯೇಜರ್-2ರ ಕಿವಿ ಕೆಟ್ಟದ್ದು 1978ರ ಏಪ್ರಿಲ್‌ನಲ್ಲಿ. ಅಮೆರಿಕದ ಕೇಪ್ ಕೆನವೆರಲ್‌ನಿಂದ ಅದು ಹೊರಟು ಎಂಟು ತಿಂಗಳೂ ತುಂಬಿರಲಿಲ್ಲ; ಗುರುಗ್ರಹ ಇನ್ನೂ ಒಂದು ವರ್ಷದ ಮೇಲಿನ ಹಾದಿ. ನೌಕೆಯ ಕಂಪ್ಯೂಟರಿಗೆ ಮೊದಲೇ ಒಂದು ನಿಯಮ ಹೇಳಿ ಕಳಿಸಿದ್ದರು: ಒಂದು ವಾರ ಕಳೆದರೂ ಭೂಮಿಯಿಂದ ಯಾವ ಆದೇಶವೂ ಬಾರದಿದ್ದರೆ ನಿನ್ನ ರಿಸೀವರ್ ಕೆಟ್ಟಿದೆ ಎಂದು ತಿಳಿ, ಬದಲಿ ರಿಸೀವರಿಗೆ ದಾಟಿಕೋ. ಆ ವಾರ ಆದೇಶ ಕಳಿಸುವುದು ತಪ್ಪಿಹೋಯಿತು. ನೌಕೆ ನಿಯಮ ಪಾಲಿಸಿತು. ಬದಲಿ ರಿಸೀವರಿನಲ್ಲಿ ಒಂದು ಪುಟ್ಟ ಕೆಪಾಸಿಟರ್ ಕೆಟ್ಟಿರುವುದು ಆಗಲೇ ಗೊತ್ತಾದದ್ದು. ಸರಿ, ಮೂಲ ರಿಸೀವರಿಗೇ ಮರಳಿಸಿದರೆ ಅದು ಅರ್ಧ ಗಂಟೆ ಕೆಲಸ ಮಾಡಿ ಶಾಶ್ವತವಾಗಿ ಸುಟ್ಟುಹೋಯಿತು. ಉಳಿದದ್ದು ಅರೆಗಿವುಡಾದ ಬದಲಿ ರಿಸೀವರ್ ಒಂದೇ.

ಅರೆಗಿವುಡು ಅಂದರೆ ಏನು? ನಮ್ಮತ್ತ ಬರುವ ರೈಲಿನ ಸಿಳ್ಳು ಕೀರಲಾಗಿ, ದಾಟಿ ಹೋದ ಮೇಲೆ ದಪ್ಪಗೆ ಕೇಳುತ್ತದಲ್ಲ, ರೇಡಿಯೊ ಅಲೆಗೂ ಅದೇ ಗತಿ. ಭೂಮಿ ತನ್ನ ಸುತ್ತ ತಿರುಗುತ್ತಿದೆ, ಸೂರ್ಯನ ಸುತ್ತ ಓಡುತ್ತಿದೆ, ನೌಕೆ ಬೇರೆ ದಿಕ್ಕಿಗೆ ಹಾರುತ್ತಿದೆ. ಹೀಗಾಗಿ ಭೂಮಿಯಿಂದ ಒಂದೇ ಕಂಪನಾಂಕದಲ್ಲಿ ಹೊರಟ ಸಂಕೇತ ನೌಕೆ ಮುಟ್ಟುವಾಗ ಸದಾ ಹೆಚ್ಚು ಕಡಿಮೆಯಾಗುತ್ತಿರುತ್ತದೆ. ಸರಿಯಿರುವ ರಿಸೀವರ್ ಆ ಏರಿಳಿತವನ್ನು ತಾನೇ ಬೆನ್ನಟ್ಟಿ ಹಿಡಿಯುತ್ತದೆ. ಕೆಪಾಸಿಟರ್ ಕೆಟ್ಟ ಮೇಲೆ ವಾಯೇಜರ್-2ಕ್ಕೆ ಆ ಶಕ್ತಿ ಹೋಯಿತು. ಅದು ಕೇಳಬಲ್ಲ ಪಟ್ಟಿ ಮೊದಲಿದ್ದುದರ ಸಾವಿರದಲ್ಲಿ ಒಂದಂಶದಷ್ಟು, ಸುಮಾರು ನೂರು ಹರ್ಟ್ಸ್ ಅಗಲಕ್ಕೆ ಇಳಿಯಿತು. ಸಾಲದ್ದಕ್ಕೆ, ರಿಸೀವರಿನ ಉಷ್ಣಾಂಶ ಒಂದು ಡಿಗ್ರಿಗಿಂತ ಕಡಿಮೆ ಬದಲಾದರೂ ಸಾಕು, ಆ ಕಿರಿದಾದ ಪಟ್ಟಿ ಜಾಗ ಬದಲಿಸುತ್ತದೆ. ನೌಕೆಯ ಒಳಗೆ ಯಾವ ಹೀಟರ್ ಹೊತ್ತಿದೆ, ಯಾವುದು ಆರಿದೆ ಎಂಬುದರ ಮೇಲೆ ಅದರ ಕಿವಿ ಎಲ್ಲಿದೆ ಎಂಬುದು ನಿಂತಿದೆ.

ಪಸಡೀನಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ ಎಂಜಿನಿಯರುಗಳು ಇದಕ್ಕೆ ಕಂಡುಕೊಂಡ ದಾರಿ ಹೇಳಲು ಸುಲಭ, ಮಾಡಲು ಕಠಿಣ. ನೌಕೆಗೆ ಸಂಕೇತವನ್ನು ಬೆನ್ನಟ್ಟಲು ಆಗದಿದ್ದರೆ ಸಂಕೇತವೇ ನೌಕೆಯ ಕಿವಿಯನ್ನು ಬೆನ್ನಟ್ಟಬೇಕು. ಭೂಮಿಯ ತಿರುಗಾಟ, ನೌಕೆಯ ವೇಗ, ರಿಸೀವರಿನ ಬಿಸಿ ಎಲ್ಲವನ್ನೂ ಲೆಕ್ಕ ಹಾಕಿ, ಕಳಿಸುವ ಕಂಪನಾಂಕವನ್ನು ಕ್ಷಣಕ್ಷಣಕ್ಕೂ ಬದಲಿಸುತ್ತ ಹೋದರು. ಅಲ್ಲಿಂದೀಚೆಗೆ ಗುರು, ಶನಿ, ಯುರೇನಸ್, ನೆಪ್ಚೂನ್‌ಗಳಲ್ಲಿ ಆ ನೌಕೆ ಮಾಡಿದ ಕೆಲಸವೆಲ್ಲ ಈ ಅರೆಗಿವುಡಿನ ಮೂಲಕ ಹೇಳಿ ಮಾಡಿಸಿದ್ದು.

ವಾಯೇಜರ್ ಎಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಚಿತ್ರಗಳು: ಗುರುವಿನ ಕೆಂಪು ಕಲೆ, ಶನಿಯ ಬಳೆಗಳು, ನೆಪ್ಚೂನಿನ ಗಾಢ ನೀಲಿ. ಆ ಚಿತ್ರಗಳಿಗೆ ಸಲ್ಲುವ ಗೌರವ ಸಲ್ಲಲೇಬೇಕು. ಆದರೆ ನನಗೆ ಈ ಕಥೆಯ ದೊಡ್ಡ ಭಾಗ ಬೇರೆಯೇ. ಯಾರೂ ಮತ್ತೆಂದೂ ಮುಟ್ಟಲಾಗದ ಯಂತ್ರವೊಂದನ್ನು, ಬರಿಯ ಮಾತಿನಿಂದ, ಸುಮಾರು ಐದು ದಶಕಗಳಿಂದ ರಿಪೇರಿ ಮಾಡುತ್ತಲೇ ಬಂದಿದ್ದಾರೆ. 1977ರಲ್ಲಿ ಹೊರಟ ಜೋಡಿ ವಾಯೇಜರ್ ನೌಕೆಗಳೂ ನೆಪ್ಚೂನ್ ನೋಡಿದ ನೌಕೆಯೂ ಇವತ್ತು ನಕ್ಷತ್ರಗಳ ನಡುವಣ ಬಯಲಿನಲ್ಲಿರುವ ನೌಕೆಗಳೂ ಲೋಹದಲ್ಲಿ ಒಂದೇ, ನಡತೆಯಲ್ಲಿ ಬೇರೆ ಬೇರೆ.

ಹೊರಡುವಾಗ ಇವುಗಳ ಮೇಲೆ ಅಷ್ಟು ದೊಡ್ಡ ಆಸೆಯನ್ನು ಯಾರೂ ಹೊರಿಸಿರಲಿಲ್ಲ. 1965ರಲ್ಲಿ ಗ್ಯಾರಿ ಫ್ಲಾಂಡ್ರೊ ಎಂಬ ತರುಣ ಎಂಜಿನಿಯರ್ ಹೊರಗ್ರಹಗಳ ಚಲನೆಯ ಲೆಕ್ಕ ಹಾಕುತ್ತಿದ್ದಾಗ, 1970ರ ದಶಕದ ಕೊನೆಯಲ್ಲಿ ಗುರು, ಶನಿ, ಯುರೇನಸ್, ನೆಪ್ಚೂನ್ ನಾಲ್ಕೂ ಒಂದೇ ನೌಕೆಗೆ ಸರದಿಯಲ್ಲಿ ಸಿಗುವಂತೆ ನಿಲ್ಲುತ್ತವೆ ಎಂಬುದನ್ನು ಕಂಡರು. ಸುಮಾರು 175 ವರ್ಷಕ್ಕೊಮ್ಮೆ ಬರುವ ಯೋಗ ಅದು. ಗ್ರಹದ ಗುರುತ್ವವನ್ನೇ ಬಳಸಿ ವೇಗ ಪಡೆಯುವ ಉಪಾಯವನ್ನು ಅದಕ್ಕೂ ಕೆಲವು ವರ್ಷ ಮೊದಲು ಮೈಕೆಲ್ ಮಿನೊವಿಚ್ ಲೆಕ್ಕ ಹಾಕಿ ತೋರಿಸಿದ್ದರು. ಗ್ರಹದತ್ತ ಬೀಳುವ ನೌಕೆ ವೇಗ ಹೆಚ್ಚಿಸಿಕೊಳ್ಳುತ್ತದೆ, ದಾಟಿ ಹೋಗುವಾಗ ಅಷ್ಟೇ ವೇಗ ಕಳೆದುಕೊಳ್ಳುತ್ತದೆ. ಗ್ರಹದ ಲೆಕ್ಕದಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ಆದರೆ ಗ್ರಹವೇ ಸೂರ್ಯನ ಸುತ್ತ ಓಡುತ್ತಿದೆಯಲ್ಲ. ಅದರ ಬೆನ್ನ ಹಿಂದಿನಿಂದ ಸರಿಯಾದ ಕೋನದಲ್ಲಿ ಹಾದುಹೋದರೆ ನೌಕೆಯ ದಿಕ್ಕು ತಿರುಗುತ್ತದೆ, ಗ್ರಹದ ಓಟದಲ್ಲಿ ಒಂದು ಪಾಲು ನೌಕೆಗೆ ಸೇರುತ್ತದೆ. ಗ್ರಹದಿಂದ ಅಷ್ಟು ಕಳೆಯುತ್ತದೆ ನಿಜ. ಗುರುವಿನಂಥ ದೈತ್ಯನಿಗೆ ಅದು ಅಳೆಯಲಾಗದಷ್ಟು ಅತ್ಯಲ್ಪ. ಸುಮ್ಮನೆ ಹೋದರೆ ಮೂವತ್ತು ವರ್ಷ ಹಿಡಿಯುವ ನೆಪ್ಚೂನನ್ನು ಹೀಗೆ ಹನ್ನೆರಡು ವರ್ಷದಲ್ಲಿ ಮುಟ್ಟಬಹುದು.

ನಾಲ್ಕು ಗ್ರಹಗಳ ಆ ಮಹಾಯಾನಕ್ಕೆ ಹಣ ಸಿಗಲಿಲ್ಲ. 1972ರಲ್ಲಿ ಒಪ್ಪಿಗೆ ಸಿಕ್ಕಿದ್ದು ಗುರು ಮತ್ತು ಶನಿಗೆ ಮಾತ್ರ, ಸುಮಾರು ಐದು ವರ್ಷದ ಆಯುಷ್ಯಕ್ಕೆ. ಆದರೂ ಕಟ್ಟಿದವರು ಮುಂದಿನ ದಾರಿ ಮುಚ್ಚಲಿಲ್ಲ. ಮುಖ್ಯ ಭಾಗಗಳನ್ನೆಲ್ಲ ಎರಡೆರಡು ಇಟ್ಟರು. ಮೂರು ಬಗೆಯ ಕಂಪ್ಯೂಟರುಗಳು, ಒಂದೊಂದೂ ಜೋಡಿ. ಎಲ್ಲ ಸೇರಿ ಮೆಮೊರಿ ಸುಮಾರು 70 ಕಿಲೋಬೈಟ್. ಆದರೆ ಆ ಕಂಪ್ಯೂಟರುಗಳ ಪ್ರೋಗ್ರಾಮನ್ನು ಭೂಮಿಯಿಂದಲೇ ಅಳಿಸಿ ಮತ್ತೆ ಬರೆಯಬಹುದಿತ್ತು. ಮುಂದೆ ನಡೆದದ್ದೆಲ್ಲ ಆ ಒಂದು ನಿರ್ಧಾರದ ಫಲ ಎಂದೇ ನಾನು ನಂಬಿದ್ದೇನೆ. ವಾಯೇಜರ್-2 1977ರ ಆಗಸ್ಟ್ 20ರಂದು ಹೊರಟಿತು, ವಾಯೇಜರ್-1 ಸೆಪ್ಟೆಂಬರ್ 5ರಂದು. ಹಿಂದೆ ಹೊರಟದ್ದು ಹತ್ತಿರದ ದಾರಿ ಹಿಡಿದು ಗುರುವನ್ನು ಮೊದಲು ಮುಟ್ಟುವುದರಲ್ಲಿತ್ತು, ಅದಕ್ಕೇ ಒಂದನೆಯ ನಂಬರು.

ಎರಡಕ್ಕೂ ಚಿನ್ನದ ಲೇಪದ ಒಂದೊಂದು ತಾಮ್ರದ ಗ್ರಾಮಫೋನ್ ತಟ್ಟೆ ಕಟ್ಟಿ ಕಳಿಸಿದರು. ಅದರಲ್ಲಿ 55 ಭಾಷೆಗಳ ಶುಭಾಶಯಗಳಿವೆ; ಕನ್ನಡಿಗರ ಪರವಾಗಿ ಹೇಳಿದ ಪುಟ್ಟ ಮಾತೂ ಅವುಗಳಲ್ಲೊಂದು. ಕೇಸರಬಾಯಿ ಕೇರ್ಕರ್ ಹಾಡಿದ ಭೈರವಿಯೂ ಇದೆ. ಅದನ್ನು ಯಾರಾದರೂ ಕೇಳುವ ಸಂಭವ ಎಷ್ಟು ಕಡಿಮೆ ಎಂಬುದು ಕಳಿಸಿದವರಿಗೂ ಗೊತ್ತಿತ್ತು. ನಮ್ಮ ನುಡಿ ಆ ದೂರದಲ್ಲಿದೆ ಎಂಬುದೇ ನನಗೆ ಸಂತೋಷದ ಸಂಗತಿ.

ಗುರುವಿನ ಉಪಗ್ರಹ ಅಯೊ ನಮ್ಮ ಚಂದ್ರನಷ್ಟೇ ಗಾತ್ರದ್ದು. ಅಷ್ಟು ಚಿಕ್ಕ ಗೋಳ ತನ್ನ ಒಳಬಿಸಿಯನ್ನು ಎಂದೋ ಕಳೆದುಕೊಂಡು, ಮೈತುಂಬ ಹಳ್ಳಗಳನ್ನು ಹೊತ್ತು ಸತ್ತು ಬಿದ್ದಿರಬೇಕು ಎಂಬುದು ಹೆಚ್ಚಿನವರ ಎಣಿಕೆ. 1979ರ ಮಾರ್ಚ್ 5ರಂದು ವಾಯೇಜರ್-1 ಹತ್ತಿರದಿಂದ ನೋಡಿದಾಗ ಅಲ್ಲಿ ಉಲ್ಕೆ ಬಿದ್ದ ಹಳ್ಳ ಒಂದೂ ಇರಲಿಲ್ಲ. ಹಳದಿ, ಕಿತ್ತಳೆ, ಕಪ್ಪು ಬಣ್ಣ ಮೆತ್ತಿದ ಹೊಸ ನೆಲ. ಏನೋ ಒಂದು ಆ ನೆಲವನ್ನು ಸತತವಾಗಿ ಹೊಸದು ಮಾಡುತ್ತಿದೆ. ಉತ್ತರ ಸಿಕ್ಕಿದ್ದು ವಿಜ್ಞಾನಕ್ಕಾಗಿ ತೆಗೆದ ಚಿತ್ರದಲ್ಲಲ್ಲ. ನೌಕೆ ಎಲ್ಲಿದೆ ಎಂದು ಗೊತ್ತುಮಾಡಲು, ಹಿಂದಿರುವ ನಕ್ಷತ್ರಗಳು ಕಾಣಲಿ ಎಂದು ಹೆಚ್ಚು ಬೆಳಕು ಹಿಡಿದು ಮಾರ್ಚ್ 8ರಂದು ತೆಗೆದ ಚಿತ್ರವೊಂದಿತ್ತು. ಮರುದಿನ ಪಥನಿರ್ಣಯ ತಂಡದ ಎಂಜಿನಿಯರ್ ಲಿಂಡಾ ಮೊರಬೀಟೊ ಅದರಲ್ಲೊಂದು ಮಂಕು ನಕ್ಷತ್ರ ಹುಡುಕಲು ಹೊಳಪು ಏರಿಸಿದಾಗ ಅಯೊದ ಅಂಚಿನಾಚೆ ಕೊಡೆಯಂಥ ಮೋಡ ಕಂಡಿತು. ಎತ್ತರ ಸುಮಾರು 300 ಕಿಲೋಮೀಟರ್. ಅಯೊಗೆ ಅಂಥ ಮೋಡ ಕಟ್ಟುವ ವಾಯುಮಂಡಲವಿಲ್ಲ. ಅದು ಉಕ್ಕುತ್ತಿದ್ದ ಜ್ವಾಲಾಮುಖಿ. ಭೂಮಿಯ ಹೊರಗೆ ಮನುಷ್ಯ ಕಂಡ ಮೊತ್ತಮೊದಲ ಜೀವಂತ ಜ್ವಾಲಾಮುಖಿ.

ನೌಕೆ ಗುರುವನ್ನು ಸೇರುವ ಮೂರೇ ದಿನ ಮೊದಲು, ಮಾರ್ಚ್ 2ರಂದು, ಸ್ಟ್ಯಾಂಟನ್ ಪೀಲ್, ಪ್ಯಾಟ್ರಿಕ್ ಕ್ಯಾಸನ್, ರೇ ರೆನಾಲ್ಡ್ಸ್ ಎಂಬ ಮೂವರು 'ಸೈನ್ಸ್' ಪತ್ರಿಕೆಯಲ್ಲಿ ಅಯೊದ ಒಡಲು ಕರಗಿರಬೇಕು ಎಂದು ಲೆಕ್ಕ ಹಾಕಿ ಬರೆದಿದ್ದರು. ಅಯೊ ಗುರುವನ್ನು ನಾಲ್ಕು ಬಾರಿ ಸುತ್ತುವಷ್ಟರಲ್ಲಿ ಯುರೋಪಾ ಎರಡು ಬಾರಿ, ಗ್ಯಾನಿಮೀಡ್ ಒಂದು ಬಾರಿ ಸುತ್ತುತ್ತದೆ. ಈ ತಾಳಬದ್ಧ ಎಳೆತದಿಂದ ಅಯೊದ ಕಕ್ಷೆ ಪೂರ್ತಿ ದುಂಡಗಾಗಲು ಆಗುವುದೇ ಇಲ್ಲ. ಗುರುವಿಗೆ ಒಮ್ಮೆ ಹತ್ತಿರ, ಒಮ್ಮೆ ದೂರ. ಆ ಅಗಾಧ ಗುರುತ್ವದಲ್ಲಿ ಅದರ ಬಂಡೆಯ ಮೈ ಎಡೆಬಿಡದೆ ಹಿಗ್ಗಿ ಕುಗ್ಗುತ್ತದೆ. ಆ ತಿಕ್ಕಾಟವೇ ಬಿಸಿ. ಕಾಗದದ ಮೇಲಿನ ಗಣಿತಕ್ಕೆ ಒಂದೇ ವಾರದಲ್ಲಿ ಆಕಾಶದಿಂದ ಸಾಕ್ಷಿ ದೊರೆತ ಇಂಥ ನಿದರ್ಶನ ವಿಜ್ಞಾನದಲ್ಲಿ ವಿರಳ. ಸೂರ್ಯನಿಂದ ಬಲು ದೂರದ ಚಿಕ್ಕ ಗೋಳಗಳೂ ಒಳಗೆ ಬಿಸಿಯಾಗಿರಬಹುದು, ಯುರೋಪಾದ ಹಿಮದಡಿ ಕಡಲಿರಬಹುದು ಎಂಬ ಇಂದಿನ ಹುಡುಕಾಟದ ಬೇರು ಇಲ್ಲಿದೆ.

ಶನಿಯಲ್ಲಿ ಒಂದು ದೊಡ್ಡ ಆಯ್ಕೆ ಕಾದಿತ್ತು. ಅದರ ಉಪಗ್ರಹ ಟೈಟನ್‌ಗೆ ದಟ್ಟ ವಾಯುಮಂಡಲವಿದೆ ಎಂದು ಗೊತ್ತಿತ್ತು. ವಾಯೇಜರ್-1 ಅದರ ಸಮೀಪ ಹೋದರೆ, ಆ ಬಾಗಿದ ದಾರಿ ಅದನ್ನು ಗ್ರಹಗಳು ಸುತ್ತುವ ಸಮತಲದಿಂದಲೇ ಮೇಲಕ್ಕೆ ಎತ್ತಿ ಎಸೆಯುತ್ತಿತ್ತು. ಮತ್ತೆ ಯಾವ ಗ್ರಹವೂ ಇಲ್ಲ. ಅದು ವಿಫಲವಾದರೆ ವಾಯೇಜರ್-2 ಯುರೇನಸ್, ನೆಪ್ಚೂನ್‌ಗಳನ್ನು ಬಿಟ್ಟುಕೊಟ್ಟು ಟೈಟನ್‌ಗೆ ಹೋಗಬೇಕು ಎಂದೂ ತೀರ್ಮಾನವಾಗಿತ್ತು. 1980ರ ನವೆಂಬರ್ 12ರಂದು ವಾಯೇಜರ್-1 ಹಾದುಹೋದಾಗ ಕ್ಯಾಮೆರಾಕ್ಕೆ ಕಂಡದ್ದು ಕಿತ್ತಳೆ ಬಣ್ಣದ ಮಂಜು ಮಾತ್ರ. ನೆಲದ ಒಂದು ಗುರುತೂ ಇಲ್ಲ. ಇದನ್ನು ನಿರಾಸೆ ಎಂದು ಬರೆದವರಿದ್ದಾರೆ, ನಾನು ಒಪ್ಪುವುದಿಲ್ಲ. ಇತರ ಉಪಕರಣಗಳು ಆ ವಾಯುಮಂಡಲದಲ್ಲಿ ಬಹುಪಾಲು ಸಾರಜನಕವೇ ಇದೆ, ನೆಲದ ಮೇಲಿನ ಒತ್ತಡ ಭೂಮಿಯದರ ಒಂದೂವರೆ ಪಟ್ಟು ಎಂದು ತಿಳಿಸಿದವು. ಆ ಅರಿವಿನ ಮೇಲೆ ಕಟ್ಟಿದ ಹೈಗೆನ್ಸ್ ಶೋಧಕ 2005ರ ಜನವರಿ 14ರಂದು ಪ್ಯಾರಾಶೂಟಿನಲ್ಲಿ ಟೈಟನ್ ನೆಲಕ್ಕೆ ಇಳಿಯಿತು.

ಯುರೇನಸ್ ಕಡೆ ಹೊರಟ ವಾಯೇಜರ್-2ನ್ನು ದಾರಿಯಲ್ಲೇ ಮತ್ತೆ ಕಟ್ಟಬೇಕಾಯಿತು. ಶನಿಯನ್ನು ದಾಟುತ್ತಿದ್ದಂತೆ ಅದರ ಕ್ಯಾಮೆರಾ ಹೊತ್ತ ತಿರುಗುವ ವೇದಿಕೆ ಸಿಕ್ಕಿಹಾಕಿಕೊಂಡಿತ್ತು. ಅದೇ ಬಗೆಯ ಯಂತ್ರಗಳನ್ನು ಭೂಮಿಯಲ್ಲಿ ಓಡಿಸಿ, ಹಾಳಾಗುವವರೆಗೂ ಪರೀಕ್ಷಿಸಿ, ವೇಗವಾಗಿ ತಿರುಗಿಸಿದಾಗ ಗೇರಿನ ಒಳಗೆ ಕೀಲೆಣ್ಣೆ ಸಾಲದಾಗುತ್ತದೆ ಎಂದು ಕಂಡುಕೊಂಡರು. ಇನ್ನು ಮೇಲೆ ನಿಧಾನಕ್ಕೆ ತಿರುಗಿಸುವುದು ಎಂದಾಯಿತು. ಯುರೇನಸ್‌ನಲ್ಲಿ ಬಿಸಿಲು ಭೂಮಿಯ ಬಿಸಿಲಿನ ನಾನೂರರಲ್ಲಿ ಒಂದು ಪಾಲಿನಷ್ಟು. ಚಿತ್ರಕ್ಕೆ ಸೆಕೆಂಡುಗಟ್ಟಲೆ ಬೆಳಕು ಹಿಡಿಯಬೇಕು. ಅಷ್ಟರಲ್ಲಿ ನೌಕೆ ಎಷ್ಟೋ ಕಿಲೋಮೀಟರ್ ಮುಂದೆ ಹೋಗಿ ಚಿತ್ರ ಕಲಸಿಹೋಗುತ್ತದೆ. ಅದಕ್ಕೆ ಇಡೀ ನೌಕೆಯನ್ನೇ ಗುರಿಯ ಕಡೆಗೆ ಸಾವಕಾಶ ಹೊರಳಿಸುತ್ತ ಚಿತ್ರ ತೆಗೆಯಲು ಕಲಿಸಿದರು. ಅಷ್ಟು ದೂರದಿಂದ ಮಾಹಿತಿ ಕಳಿಸುವ ವೇಗವೂ ಕುಸಿದಿತ್ತು. ಚಿತ್ರದ ಪ್ರತಿ ಚುಕ್ಕೆಯ ಹೊಳಪನ್ನು ಪೂರ್ತಿ ಹೇಳುವ ಬದಲು ಪಕ್ಕದ ಚುಕ್ಕೆಗಿಂತ ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂದಷ್ಟೇ ಹೇಳಲು ಹೊಸ ಪ್ರೋಗ್ರಾಮ್ ಬರೆದು ಕಳಿಸಿದರು. ಇತ್ತ ಆಸ್ಟ್ರೇಲಿಯಾದಲ್ಲಿ ಪಾರ್ಕ್ಸ್‌ನ ರೇಡಿಯೊ ದೂರದರ್ಶಕವನ್ನು ಕೆನ್‌ಬೆರಾದ ಆಂಟೆನಾಗಳ ಜೊತೆ ಸೇರಿಸಿ ಕೇಳಿಸಿಕೊಂಡರು.

ಇನ್ನು ಕೆಲವೇ ದಿನವಿದೆ ಎನ್ನುವಾಗ ಚಿತ್ರಗಳಲ್ಲಿ ಕಪ್ಪು ಬಿಳಿ ಗೆರೆಗಳು ಬರತೊಡಗಿದವು. ಮೆಮೊರಿಯ ಒಂದೇ ಒಂದು ಬಿಟ್ ಕೆಟ್ಟಿತ್ತು. ಅದನ್ನು ಬಳಸದೆ ಸುತ್ತುಹಾಕಿ ಹೋಗುವಂತೆ ಪ್ರೋಗ್ರಾಮ್ ತಿದ್ದಿದರು, ಗೆರೆಗಳು ಮಾಯವಾದವು. 1986ರ ಜನವರಿ 24ರಂದು ಯುರೇನಸ್: ಹೊಸ ಹತ್ತು ಉಪಗ್ರಹಗಳು, ತಿರುಗುವ ಅಕ್ಷಕ್ಕೆ ಸುಮಾರು 60 ಡಿಗ್ರಿ ಓರೆಯಾದ ಕಾಂತಕ್ಷೇತ್ರ. ನಾಲ್ಕು ದಿನದ ನಂತರ ಚಾಲೆಂಜರ್ ನೌಕೆ ಏಳು ಮಂದಿಯೊಡನೆ ಸಿಡಿಯಿತು, ಜಗತ್ತಿನ ಗಮನವೆಲ್ಲ ಆ ದುಃಖದ ಕಡೆ ಹೋಯಿತು. 1989ರ ಆಗಸ್ಟ್ 25ರಂದು ನೆಪ್ಚೂನ್. ಅದರ ಉಪಗ್ರಹ ಟ್ರೈಟನ್ ಮೇಲೆ, ಸೊನ್ನೆಗಿಂತ 235 ಡಿಗ್ರಿ ಕೆಳಗಿನ ಚಳಿಯಲ್ಲಿ, ಸಾರಜನಕದ ಬುಗ್ಗೆಗಳು ಎಂಟು ಕಿಲೋಮೀಟರ್ ಎತ್ತರಕ್ಕೆ ಚಿಮ್ಮುತ್ತಿದ್ದವು. ಈ ಎರಡು ಗ್ರಹಗಳ ಬಳಿಗೆ ಅಲ್ಲಿಂದೀಚೆ ಯಾವ ನೌಕೆಯೂ ಹೋಗಿಲ್ಲ. 1990ರ ಫೆಬ್ರವರಿ 14ರಂದು, ಖಗೋಳವಿಜ್ಞಾನಿ ಕಾರ್ಲ್ ಸೇಗನ್ ಪಟ್ಟು ಹಿಡಿದು ಕೇಳಿದ್ದರಿಂದ, ವಾಯೇಜರ್-1 ಸುಮಾರು 600 ಕೋಟಿ ಕಿಲೋಮೀಟರ್ ದೂರದಿಂದ ತಿರುಗಿ ನೋಡಿ ಭೂಮಿಯ ಚುಕ್ಕೆಯನ್ನು ಚಿತ್ರಿಸಿತು. ಆಮೇಲೆ ಕ್ಯಾಮೆರಾಗಳನ್ನು ಆರಿಸಿದರು.

ಸೂರ್ಯನಿಂದ ಎಲ್ಲ ದಿಕ್ಕಿಗೂ ವಿದ್ಯುದಾವೇಶದ ಕಣಗಳ ಗಾಳಿ ಬೀಸುತ್ತದೆ. ನಕ್ಷತ್ರಗಳ ನಡುವಿನ ಅನಿಲವನ್ನು ಅದು ಎಲ್ಲಿಯವರೆಗೆ ಹಿಂದಕ್ಕೆ ತಳ್ಳಬಲ್ಲುದು? ಆ ಗಾಳಿ ಊದಿದ ಸೌರಗುಳ್ಳೆಯ ಗಡಿ ಎಲ್ಲಿ? 2012ರ ಆಗಸ್ಟ್ 25ರಂದು ವಾಯೇಜರ್-1ರಲ್ಲಿ ಸೂರ್ಯನ ಕಡೆಯ ಕಣಗಳು ದಿಢೀರನೆ ಇಲ್ಲವಾದವು, ದೂರದಿಂದ ಬರುವ ವಿಶ್ವಕಿರಣಗಳು ಏರಿದವು. ದಾಟಿತೆ? ದಾಟಿದ್ದರೆ ಕಾಂತಕ್ಷೇತ್ರದ ದಿಕ್ಕು ಬದಲಾಗಬೇಕೆಂದು ಎಲ್ಲರ ನಿರೀಕ್ಷೆ, ಅದು ಬದಲಾಗಲಿಲ್ಲ. ಸುತ್ತಲಿನ ಅನಿಲದ ಸಾಂದ್ರತೆಯನ್ನು ನೇರವಾಗಿ ಅಳೆಯಬೇಕಾದ ಉಪಕರಣ 1980ರಲ್ಲೇ ಕೆಟ್ಟಿತ್ತು. ಯೋಜನೆಯ ಮುಖ್ಯ ವಿಜ್ಞಾನಿ ಎಡ್ ಸ್ಟೋನ್ ಅವಸರ ಮಾಡಲಿಲ್ಲ. 1972ರಿಂದ ಆ ಹೊಣೆ ಹೊತ್ತಿದ್ದ ಅವರು ಪುರಾವೆಗಾಗಿ ಕಾದರು.

ಪುರಾವೆ ಸೂರ್ಯನಿಂದಲೇ ಬಂತು. 2012ರ ಮಾರ್ಚ್‌ನಲ್ಲಿ ಸೂರ್ಯನ ಮೇಲಾದ ಸ್ಫೋಟದ ಅಲೆ ಒಂದು ವರ್ಷಕ್ಕೂ ಹೆಚ್ಚು ಕಾಲ ಸಾಗಿ 2013ರ ಏಪ್ರಿಲ್‌ನಲ್ಲಿ ನೌಕೆಯ ಬಳಿ ಬಂದು, ಸುತ್ತಲಿನ ವಿದ್ಯುದಾವೇಶದ ಅನಿಲ, ಅಂದರೆ ಪ್ಲಾಸ್ಮಾ, ಕಂಪಿಸಿತು. ಪ್ಲಾಸ್ಮಾ ಕಂಪಿಸುವ ವೇಗ ಅದರ ಸಾಂದ್ರತೆಯನ್ನೇ ಅವಲಂಬಿಸಿದೆ. ಅಯೋವಾ ವಿಶ್ವವಿದ್ಯಾಲಯದ ಡಾನ್ ಗರ್ನೆಟ್ ತಂಡ ಆ ಕಂಪನವನ್ನು ನೌಕೆಯ ಆಂಟೆನಾ ಕಡ್ಡಿಗಳಿಂದ ಹಿಡಿದು ಲೆಕ್ಕ ಹಾಕಿತು: ಒಂದು ಘನ ಸೆಂಟಿಮೀಟರಿಗೆ 0.08 ಎಲೆಕ್ಟ್ರಾನ್, ಸೌರಗುಳ್ಳೆಯ ಹೊರ ಅಂಚಿನೊಳಗೆ ಇರಬೇಕಾದದ್ದಕ್ಕಿಂತ ಸುಮಾರು 40 ಪಟ್ಟು. ನೌಕೆ ಹೊರಗಿತ್ತು. ಕೆಟ್ಟ ಉಪಕರಣದ ಕೆಲಸವನ್ನು ಮತ್ತೊಂದರಿಂದ, ಬುದ್ಧಿಯಿಂದ, ಮಾಡಿಸಿದ್ದು ಇದು. ವಾಯೇಜರ್-2 2018ರ ನವೆಂಬರ್ 5ರಂದು ಹೊರಬಿದ್ದಾಗ ಅದರ ಪ್ಲಾಸ್ಮಾ ಉಪಕರಣ ಸರಿಯಿತ್ತು, ಗಡಿಯನ್ನು ನೇರವಾಗಿ ಅಳೆಯಿತು. ಆದರೆ ನೌಕೆಗಳು ಸೌರವ್ಯೂಹ ಬಿಟ್ಟುಹೋದವು ಎಂದು ಬರೆಯುವುದು ತಪ್ಪು. ಅವು ದಾಟಿದ್ದು ಸೂರ್ಯನ ಗಾಳಿಯ ಗಡಿಯನ್ನು. ಸೂರ್ಯನ ಗುರುತ್ವ ಹಿಡಿದಿಟ್ಟಿರುವ ಧೂಮಕೇತುಗಳ ಊರ್ಟ್ ಮೋಡದ ಒಳ ಅಂಚನ್ನು ಮುಟ್ಟಲು ಇನ್ನೂ ಸುಮಾರು 300 ವರ್ಷ, ಹೊರಬೀಳಲು 30,000 ವರ್ಷ ಬೇಕು.

2023ರ ನವೆಂಬರ್ 14ರಂದು ವಾಯೇಜರ್-1 ಅರ್ಥವಿಲ್ಲದ ಸಂಕೇತ ಕಳಿಸತೊಡಗಿತು. ಸೊನ್ನೆ ಮತ್ತು ಒಂದುಗಳ ಒಂದೇ ವರಸೆ, ಮತ್ತೆ ಮತ್ತೆ. ಮಾಹಿತಿಯನ್ನು ಜೋಡಿಸಿ ಕಳಿಸುವ ಕಂಪ್ಯೂಟರ್ ಕೆಟ್ಟಿದೆ ಎಂದು ಗೊತ್ತಾಯಿತು. ಎಲ್ಲಿ ಎಂದು ಗೊತ್ತಾಗಲಿಲ್ಲ. ಆದೇಶವೊಂದು ಮುಟ್ಟಲು ಇಪ್ಪತ್ತೆರಡೂವರೆ ಗಂಟೆ, ಉತ್ತರಕ್ಕೆ ಮತ್ತಷ್ಟೇ. ನಮ್ಮ ಮಂಗಳಯಾನ 2014ರಲ್ಲಿ ಮಂಗಳನ ಕಕ್ಷೆ ಸೇರಿದಾಗ ಬೆಂಗಳೂರಿನ ಹೊರಗಿನ ಬ್ಯಾಲಾಳುವಿನಿಂದ ಅಲ್ಲಿಗೆ ಸಂಕೇತ ಹೋಗಲು ಸುಮಾರು ಹನ್ನೆರಡು ನಿಮಿಷ ಬೇಕಿತ್ತು. ಅಷ್ಟಕ್ಕೇ ಎಲ್ಲ ಆದೇಶಗಳನ್ನೂ ಮೊದಲೇ ತುಂಬಿಡಬೇಕಾಗಿತ್ತು. ಇಲ್ಲಿ ಒಂದೊಂದು ಪ್ರಶ್ನೆಗೂ ಎರಡು ದಿನ. ದಶಕಗಳ ಹಿಂದೆ ಬೇರೆಯವರು ಬರೆದಿಟ್ಟ ದಾಖಲೆಗಳನ್ನು ಹುಡುಕಿ ಓದಿ, 2024ರ ಮಾರ್ಚ್ 1ರಂದು ಆ ಕಂಪ್ಯೂಟರನ್ನು ಬೇರೆ ದಾರಿ ಹಿಡಿಯುವಂತೆ ಕೆಣಕಿದರು. ಮರಳಿ ಬಂದ ಸಂಕೇತದಲ್ಲಿ ಇಡೀ ಮೆಮೊರಿಯ ನಕಲಿತ್ತು. ಹಳೆಯ ನಕಲಿನೊಂದಿಗೆ ಹೋಲಿಸಿದಾಗ ಒಂದು ಚಿಪ್ ಸತ್ತಿದೆ, ಮೆಮೊರಿಯ ಸುಮಾರು ನೂರಕ್ಕೆ ಮೂರು ಭಾಗ ಹಾಳಾಗಿದೆ ಎಂದು ತಿಳಿಯಿತು.

ಆ ಹಾಳಾದ ಭಾಗದಲ್ಲಿದ್ದ ಕೋಡನ್ನು ಒಟ್ಟಾಗಿ ಇಡಲು ಬೇರೆಲ್ಲೂ ಜಾಗವಿರಲಿಲ್ಲ. ಅದನ್ನು ತುಂಡು ತುಂಡು ಮಾಡಿ ಸಿಕ್ಕ ಸಂದುಗಳಲ್ಲಿ ಇಟ್ಟು, ಒಂದು ತುಂಡು ಇನ್ನೊಂದನ್ನು ಹುಡುಕಿಕೊಳ್ಳುವಂತೆ ವಿಳಾಸಗಳನ್ನೆಲ್ಲ ತಿದ್ದಿದರು. ಏಪ್ರಿಲ್ 18ರಂದು ಮೊದಲ ಕಂತು ಕಳಿಸಿ, 20ರಂದು ಉತ್ತರ ಬಂದಾಗ ಐದು ತಿಂಗಳಲ್ಲಿ ಮೊದಲ ಬಾರಿಗೆ ನೌಕೆಯ ಆರೋಗ್ಯದ ಮಾಹಿತಿ ಓದುವಂತಿತ್ತು. ಜೂನ್ ಹೊತ್ತಿಗೆ ಕೆಲಸದಲ್ಲಿದ್ದ ನಾಲ್ಕು ಉಪಕರಣಗಳೂ ಮಾತಾಡತೊಡಗಿದವು.

ತಿದ್ದಲಾಗದ ಸಂಗತಿ ವಿದ್ಯುತ್. ಪ್ಲುಟೋನಿಯಂ ತಾನಾಗಿ ಕ್ಷಯಿಸುವ ಬಿಸಿಯಿಂದ ಹೊರಡುವಾಗ ಸುಮಾರು 470 ವ್ಯಾಟ್ ಸಿಗುತ್ತಿತ್ತು. ವರ್ಷಕ್ಕೆ ನಾಲ್ಕು ವ್ಯಾಟಿನಂತೆ ಇಳಿಯುತ್ತಿದೆ. ಹೀಟರುಗಳನ್ನು ಒಂದೊಂದಾಗಿ ಆರಿಸಿದ್ದಾಯಿತು. ತಾಳಲಾರವು ಎಂದುಕೊಂಡಿದ್ದ ಚಳಿಯಲ್ಲೂ ಉಪಕರಣಗಳು ದುಡಿದವು. ಈಗ ಉಪಕರಣಗಳ ಸರದಿ. ವಾಯೇಜರ್-2ರ ಪ್ಲಾಸ್ಮಾ ಉಪಕರಣವನ್ನು 2024ರ ಸೆಪ್ಟೆಂಬರ್‌ನಲ್ಲಿ, ವಾಯೇಜರ್-1ರ ವಿಶ್ವಕಿರಣ ಉಪಕರಣವನ್ನು 2025ರ ಫೆಬ್ರವರಿಯಲ್ಲಿ ಆರಿಸಿದರು. ಗಡಿ ದಾಟಿದ ಸುದ್ದಿಯನ್ನು ಮೊದಲು ಹೇಳಿದ ಉಪಕರಣಗಳಲ್ಲಿ ಈ ಎರಡನೆಯದೂ ಒಂದು. ವಾಯೇಜರ್-1 ಭೂಮಿಯಿಂದ ಒಂದು ಬೆಳಕಿನ-ದಿನದಷ್ಟು ದೂರ ಸೇರುವುದು 2026ರ ನವೆಂಬರ್‌ನಲ್ಲಿ.

2025ರ ಮಾರ್ಚ್‌ನಲ್ಲಿ ಇನ್ನೊಂದು ರಿಪೇರಿ ನಡೆಯಿತು. ವಾಯೇಜರ್-1ರ ಆಂಟೆನಾ ಭೂಮಿಯ ಕಡೆಗೇ ಇರಬೇಕಾದರೆ ನೌಕೆಯನ್ನು ಆಗಾಗ ಹೊರಳಿಸಿ ನಿಲ್ಲಿಸುವ ಪುಟ್ಟ ಥ್ರಸ್ಟರುಗಳು ಬೇಕು. ಮೂಲ ಜೋಡಿಯ ಹೀಟರುಗಳು 2004ರಲ್ಲಿ ಕೆಟ್ಟು, ಅವು ಸತ್ತವೆಂದೇ ಬಿಟ್ಟಿದ್ದರು. ಬದಲಿ ಜೋಡಿಯ ಸಣ್ಣ ಇಂಧನ ಕೊಳವೆಗಳಲ್ಲಿ ಈಗ ಕಸ ಕಟ್ಟುತ್ತಿತ್ತು. ನೌಕೆಗಳಿಗೆ ಆದೇಶ ಕಳಿಸುವ ಕೆನ್‌ಬೆರಾದ 70 ಮೀಟರ್ ಆಂಟೆನಾ ಮೇ ತಿಂಗಳಿನಿಂದ ನವೀಕರಣಕ್ಕಾಗಿ ಬಹುಕಾಲ ಮುಚ್ಚುವುದಿತ್ತು. ಎಂಜಿನಿಯರುಗಳು ಹಳೆಯ ಕಡತ ತೆರೆದು ಮತ್ತೆ ಯೋಚಿಸಿದರು: ಹೀಟರ್ ಸುಟ್ಟಿರಲಿಕ್ಕಿಲ್ಲ, ಯಾವುದೋ ಸರ್ಕಿಟ್‌ನ ಸ್ವಿಚ್ ಮಗುಚಿ ಬಿದ್ದಿರಬಹುದು. ಅದನ್ನು ಮರಳಿ ಹಾಕುವ ಮೊದಲು ಥ್ರಸ್ಟರುಗಳನ್ನು ಚಾಲೂ ಮಾಡಿಡಬೇಕು. ಹೀಟರ್ ಹೊತ್ತುವ ಮುನ್ನವೇ ನೌಕೆ ತಾನಾಗಿ ಅವನ್ನು ಉರಿಸಿದರೆ ಸಣ್ಣ ಸ್ಫೋಟವಾಗುವ ಭಯವೂ ಇತ್ತು. ಮಾರ್ಚ್ 20ರಂದು ಉತ್ತರ ಬಂತು. ಇಪ್ಪತ್ತು ನಿಮಿಷದೊಳಗೆ ಹೀಟರುಗಳ ಉಷ್ಣಾಂಶ ಏರುತ್ತಿರುವುದು ಕಂಡಿತು. ಬದಲಿ ಜೋಡಿಯಲ್ಲಿ ಕಸ ಕಟ್ಟುವುದು ನಿಂತಿಲ್ಲ; ಆದರೆ ಇಪ್ಪತ್ತೊಂದು ವರ್ಷಗಳ ನಂತರ ನೌಕೆಗೆ ಮತ್ತೆ ಎರಡು ಜೋಡಿ ಥ್ರಸ್ಟರುಗಳಿವೆ.